ಹುಡುಕಿದರೆ ಸಿಗುವವಳು

ನಾನು ಒಳ್ಳೆಯ ನಡತೆಯವಳೆಂದು ಮೊಟ್ಟಮೊದಲು ಬರೆದುಕೊಟ್ಟವರು ನಮ್ಮೂರಿನ ದನದ ಡಾಕ್ಟರು. ಆಗೆಲ್ಲ ಯಾವ ಅರ್ಜಿ ಹಾಕಿದರೂ ಗೆಜೆಟೆಡ್ ಅಧಿಕಾರಿಯೊಬ್ಬರು ನಮ್ಮ ನಡತೆಗೆ ಸಹಿ ಹಾಕಬೇಕಿತ್ತು. ಸಿದ್ದಾಪುರ ಸೀಮೆಯ ನಮ್ಮ ಹಳ್ಳಿಯ ಸುತ್ತಮುತ್ತ ಅಂಥ ಅಧಿಕಾರವಿದ್ದವರು ಅವರೊಬ್ಬರೇ. ನಾನು ಹೋದಾಗ ಅವರು ಎಮ್ಮೆಯೊಂದರ ಹೊಟ್ಟೆಯುಬ್ಬರ ನೋಡುತ್ತಿದ್ದರು. ಅದನ್ನು ಮುಗಿಸಿ, ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು, ‘ಯಾರ ಮಗಳು?’ ಎಂದರು. ಅಪ್ಪನ ಹೆಸರು ಹೇಳಿದೆ. ‘ಓ, ಆ ಕೆಂದ ಆಕಳಿನ ಮನೆ’ ಎಂದು ಗುರುತು ಹಿಡಿದು, ನನ್ನನ್ನು ಐದು ವರ್ಷಗಳಿಂದ ಬಲ್ಲೆನೆಂದೂ ನನ್ನ ನೈತಿಕ ಚಾರಿತ್ರ್ಯ ಉತ್ತಮವೆಂದೂ ಟೈಪಾಗಿದ್ದ ಎರಡು ಸಾಲಿನ ಕೆಳಗೆ ಹಸಿರು ಶಾಯಿಯಲ್ಲಿ ಸಹಿ ಮಾಡಿದರು. ಅವರು ಐದು ವರ್ಷಗಳಿಂದ ಬಲ್ಲದ್ದು ನಮ್ಮ ಆಕಳನ್ನು. ಆದರೂ ಆ ಕಾಗದವನ್ನು ಯಾರೂ ಎಲ್ಲಿಯೂ ಪ್ರಶ್ನಿಸಲಿಲ್ಲ. ಆಕಳು ಹಾಯುತ್ತಿರಲಿಲ್ಲ, ಒದೆಯುತ್ತಿರಲಿಲ್ಲ. ಅದರ ಪುಣ್ಯ ನನಗೆ ಬಂತು.

ಆಮೇಲೆ ಕಾಲ ಬದಲಾಯಿತು. ದಾಖಲೆಗಳ ನಕಲಿಗೆ ನಿಮ್ಮ ಸಹಿಯೇ ಸಾಕು ಎಂದು ಸರಕಾರ ಹೇಳಿ ಹತ್ತು ವರ್ಷದ ಮೇಲಾಯಿತು. ಈಗ ನನಗೆ ನಾನೇ ಗೆಜೆಟೆಡ್ ಅಧಿಕಾರಿ. ಕೇಳಲಿಕ್ಕೆ ದೊಡ್ಡ ಬಡ್ತಿ. ಆದರೆ ನಡತೆಯ ಮಾತು ಬಂದಾಗ ನನ್ನ ಸಹಿಯನ್ನು ಯಾರೂ ನಂಬುವುದಿಲ್ಲ, ಗೂಗಲ್ಲನ್ನು ಕೇಳುತ್ತಾರೆ. ಗೂಗಲ್ಲಿಗೆ ನಮ್ಮನೆಯ ಆಕಳು ಗೊತ್ತಿಲ್ಲ.

ಇದು ನನಗೆ ತಿಳಿದದ್ದು 2023ರಲ್ಲಿ, ಕೆಲಸ ಹೋದ ಮೇಲೆ. ಆ ವರ್ಷ ಬೆಂಗಳೂರಿನಲ್ಲಿ ಅದೇನೂ ವಿಶೇಷವಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಮಹಡಿಗೊಬ್ಬರಂತೆ ಇದ್ದರು. ಬೆಳಗಿನ ವಾಕಿಂಗಿಗೆ ಬರುವವರು ಹೆಚ್ಚಾಗಿದ್ದರು, ಯಾರೂ ಗಡಿಯಾರ ನೋಡಿಕೊಳ್ಳುತ್ತಿರಲಿಲ್ಲ. ನನ್ನದು ಟೆಕ್ನಿಕಲ್ ರೈಟರ್ ಕೆಲಸ. ಸಾಫ್ಟ್‌ವೇರಿನ ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ಇಂಗ್ಲಿಷಿನಲ್ಲಿ ಬರೆಯುವುದು. ಓದುವವರು ಮೊದಲೇ ಇರಲಿಲ್ಲ. ಬರೆಯುವವರೂ ಬೇಡವೆಂದು ಕಂಪನಿಗೆ ಅನ್ನಿಸಿತು. ಕ್ಯಾಮೆರಾ ಆಫ್ ಮಾಡಿಕೊಂಡ ಯಾರೋ ಒಬ್ಬರು ಮೃದುವಾದ ದನಿಯಲ್ಲಿ ವಿಷಯ ತಿಳಿಸಿದರು. ಲ್ಯಾಪ್‌ಟಾಪ್ ಒಯ್ಯಲು ಕೊರಿಯರ್ ಹುಡುಗ ಬಂದ. ‘ಚಾರ್ಜರ್ ಮೇಡಂ?’ ಎಂದು ನೆನಪಿಸಿದ. ಅಷ್ಟೆ.

ಅಕ್ಕನ ಮಗಳು ಕೋರಮಂಗಲದ ಒಂದು ಸ್ಟಾರ್ಟಪ್ಪಿನಲ್ಲಿ ರಿಕ್ರೂಟರ್. ಸುದ್ದಿ ತಿಳಿದ ಭಾನುವಾರವೇ ಬಂದಳು. ಸಮಾಧಾನ ಹೇಳುತ್ತಾಳೆಂದು ನಾನು ಕಾಫಿ ಇಟ್ಟರೆ ಅವಳು ಲ್ಯಾಪ್‌ಟಾಪ್ ತೆರೆದು ಇನ್‌ಕಾಗ್ನಿಟೊ ಕಿಟಕಿಯಲ್ಲಿ ನನ್ನ ಹೆಸರು ಟೈಪ್ ಮಾಡಿದಳು.

‘ಇದೇನೇ ಮಾಡ್ತಿದೀಯ?’

‘ನಾವು ರೆಸ್ಯೂಮೆ ಓದೋಕೆ ಮುಂಚೆ ಇದನ್ನೇ ಮಾಡೋದು ಚಿಕ್ಕಿ. ಹೊರಗಿನವರಿಗೆ ನೀನು ಹೇಗೆ ಕಾಣ್ತೀಯ ನೋಡೋಣ.’

ನಾನು ಕಾಣಲೇ ಇಲ್ಲ. ನನ್ನ ಹೆಸರಿನವರು ಕಂಡರು. ಒಬ್ಬರು ದಂತವೈದ್ಯೆ, ಐದು ನಕ್ಷತ್ರಕ್ಕೆ ನಾಲ್ಕೂವರೆ ಪಡೆದವರು. ಒಬ್ಬರು ಗ್ರಾಮ ಪಂಚಾಯಿತಿ ಸದಸ್ಯೆ. ಒಬ್ಬಳು ಅಬ್ಯಾಕಸ್ ಸ್ಪರ್ಧೆಯಲ್ಲಿ ಕಪ್ ಹಿಡಿದು ನಿಂತ ಪುಟ್ಟ ಹುಡುಗಿ. ಅವಳ ಮೇಲೆ ನನಗೆ ಪ್ರೀತಿಯೇ ಬಂತು. ಮೊದಲ ಪುಟದ ನಡುವೆ ಒಂದು ಕೋರ್ಟಿನ ತೀರ್ಪು. ನನ್ನ ಹೆಸರಿನ ಯಾರೋ ಒಬ್ಬರು ಯಾರಿಗೋ ಕೊಟ್ಟ ಚೆಕ್ಕು ಬೌನ್ಸ್ ಆಗಿ, 138ನೇ ಸೆಕ್ಷನ್ನಿನಡಿ ಕೇಸಾಗಿ, ಮೇಲ್ಮನವಿಯಲ್ಲೂ ಸೋತಿದ್ದರು.

ಅಕ್ಕನ ಮಗಳು ಮುಖ ಎತ್ತಿ ನೋಡಿದಳು.

‘ನಾನಲ್ಲ ಮಾರಾಯ್ತಿ,’ ಎಂದೆ. ‘ನನ್ನ ಹತ್ತಿರ ಚೆಕ್ ಬುಕ್ಕೇ ಇಲ್ಲ.’

‘ನನಗ್ಗೊತ್ತು. ಆದರೆ ನನ್ನಂಥವರು ಕೇಳೋದಿಲ್ಲ ಚಿಕ್ಕಿ, ಸುಮ್ನೆ ಮುಂದಿನ ಕ್ಯಾಂಡಿಡೇಟಿಗೆ ಹೋಗ್ತೀವಿ.’

ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಲ್ಲಬೇಡ ಎಂದು ಅಪ್ಪ ಹೇಳುತ್ತಿದ್ದರು. ಹೆಸರಿನ ಮಟ್ಟಿಗೆ ನಿಂತುಬಿಟ್ಟಿದ್ದೆ. ಇದಕ್ಕೇನಾದರೂ ಕಾನೂನು ಇರಬೇಕಲ್ಲ ಎಂದು ರಾತ್ರಿಯೆಲ್ಲ ಓದಿದೆ. ಕೆಲಸವಿಲ್ಲದವರಿಗೆ ರಾತ್ರಿ ದೊಡ್ಡದು. ಯುರೋಪಿನಲ್ಲಿ ಇದೆ. ಸ್ಪೇನಿನ ಮಾರಿಯೊ ಕೊಸ್ತೆಹಾ ಗೊನ್ಸಾಲೆಸ್ ಎಂಬಾತನ ಆಸ್ತಿ ಬಾಕಿ ವಸೂಲಿಗಾಗಿ ಹರಾಜಿಗೆ ಬಂದ ಸಂಗತಿ 1998ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟಣೆಯಾಗಿ ಬಂದಿತ್ತು. ಸಾಲ ತೀರಿ ವರ್ಷಗಳಾದರೂ ಹೆಸರು ಹುಡುಕಿದರೆ ಹರಾಜೇ ಮೊದಲು ಬರುತ್ತಿತ್ತು. ಆತ ಗೂಗಲ್ ವಿರುದ್ಧ ಹೋರಾಡಿ 2014ರ ಮೇ 13ರಂದು ಯುರೋಪಿನ ನ್ಯಾಯಾಲಯದಲ್ಲಿ ಗೆದ್ದ. ಮರೆಯಲ್ಪಡುವ ಹಕ್ಕು ಅವನಿಗೆ ಸಿಕ್ಕಿತು. ಫಲವಾಗಿ ಇಡೀ ಜಗತ್ತಿನ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಅವನ ಹೆಸರನ್ನೂ ಹರಾಜನ್ನೂ ಬಾಯಿಪಾಠ ಮಾಡುತ್ತಿದ್ದಾರೆ. ಪಾಪ, ಅವನಷ್ಟು ಭದ್ರವಾಗಿ ನೆನಪಿನಲ್ಲಿ ಉಳಿದ ಸಾಲಗಾರ ಇನ್ನೊಬ್ಬನಿಲ್ಲ.

ನಮ್ಮಲ್ಲೂ ಇದರ ಹೆಜ್ಜೆಗಳಿವೆ, ಕೆಲವು ನಮ್ಮ ಮನೆಬಾಗಿಲಲ್ಲೇ. ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕೋರ್ಟಿನ ಆದೇಶದೊಂದಿಗೆ ಕಾಣಬಾರದೆಂದು ತಂದೆಯೊಬ್ಬರು ಕೇಳಿಕೊಂಡಾಗ 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಒಪ್ಪಿತು. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅದೂ ವಯಸ್ಸು 80 ದಾಟಿದ ಮೇಲೆ. 2023ರಲ್ಲಿ ವೈಯಕ್ತಿಕ ದತ್ತಾಂಶದ ಕಾಯಿದೆಯೂ ಆಯಿತು. ಎಲ್ಲ ಸರಿ. ಇವೆಲ್ಲ ನನ್ನ ವಿಷಯವನ್ನು ನಾನು ಅಳಿಸಿಕೊಳ್ಳಲಿಕ್ಕೆ. ನನ್ನ ಹೆಸರಿನ ಇನ್ನೊಬ್ಬಳ ಚೆಕ್ಕಿನಿಂದ ಪಾರಾಗಲು ಯಾವ ಕಾಯಿದೆಯಲ್ಲೂ ಕಲಮು ಸಿಗಲಿಲ್ಲ.

‘ಹಾಗಾದ್ರೆ ಹೆಸರಿನ ಸ್ಪೆಲ್ಲಿಂಗೇ ಬದಲಾಯಿಸೋಣ,’ ಎಂದಳು ಅಕ್ಕನ ಮಗಳು. ಬದಲಾಯಿಸುವುದೇನು ಬಂತು, ಅದು ಈಗಾಗಲೇ ನಾಲ್ಕು ಥರ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರು ಮತ್ತು ಅಪ್ಪನ ಎರಡು ಇನಿಷಿಯಲ್ಲು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲನ್ನು ಬಿಡಿಸಿ ಬರೆಯಿರಿ ಎಂದದ್ದಕ್ಕೆ ಅಪ್ಪನ ಪೂರ್ತಿ ಹೆಸರು. ಆಧಾರ್‌ನಲ್ಲಿ ಗಂಡನ ಮನೆತನದ ಹೆಸರು. ಲಿಂಕ್ಡ್‌ಇನ್ ಸೇರುವಾಗ ಕೊನೆಯ ಹೆಸರು ಕಡ್ಡಾಯ ಎಂದಿತು. ನಾನು ಎಸ್ ಎಂದಷ್ಟೇ ಹಾಕಿದ್ದೆ. ಅಂದಿನಿಂದ ಅಮೆರಿಕದ ಕಂಪನಿಗಳಿಂದ ‘ಡಿಯರ್ ಮಿಸ್ ಎಸ್’ ಎಂದು ಪತ್ರ ಬರುತ್ತವೆ. ಗೂಢಚಾರಳಾದ ಹಾಗೆ ಅನ್ನಿಸಿ ಮೊದಮೊದಲು ಖುಷಿಯಾಗುತ್ತಿತ್ತು. ಅವಳು ಅಷ್ಟನ್ನೂ ಸೇರಿಸಿ ಒಂದು ಉದ್ದನೆಯ ಹೆಸರು ಕಟ್ಟಿದಳು. ಅದನ್ನು ಹುಡುಕಿದರೆ ದಂತವೈದ್ಯೆ ಇಲ್ಲ, ಚೆಕ್ಕಿಲ್ಲ, ಅಬ್ಯಾಕಸ್ ಹುಡುಗಿಯೂ ಇಲ್ಲ. ಸ್ವಚ್ಛ ಬಯಲು.

ಮುಂದಿನದು ಫೋಟೊ. ನನ್ನ ಪ್ರೊಫೈಲಿನಲ್ಲಿದ್ದದ್ದು ಜೋಗದ ಎದುರು ತೆಗೆದದ್ದು. ಜಲಪಾತ ಚೆನ್ನಾಗಿ ಬಂದಿತ್ತು. ಸ್ಟುಡಿಯೊಕ್ಕೆ ಹೋಗುತ್ತೇನೆಂದರೆ ಅವಳು ನಕ್ಕು, ಈಗ ಎಐ ಇದೆ ಎಂದು ನನ್ನ ನಾಲ್ಕಾರು ಸೆಲ್ಫಿ ತೆಗೆದು ಯಾವುದೋ ಆ್ಯಪಿಗೆ ಉಣಿಸಿದಳು. ಅದು ನನಗೆ ಜನ್ಮದಲ್ಲಿ ತೊಡದ ಕಡುನೀಲಿ ಬ್ಲೇಜರ್ ತೊಡಿಸಿತು. ಹಿನ್ನೆಲೆಯಲ್ಲಿ ಗಾಜಿನ ಕಟ್ಟಡ. ಕಣ್ಣಿನ ಕೆಳಗಿನ ಕಪ್ಪು ತೆಗೆಯಿತು, ಬೈತಲೆಯ ಬಿಳಿ ತೆಗೆಯಿತು, ಅದೇ ಉತ್ಸಾಹದಲ್ಲಿ ಹಣೆಯ ಬೊಟ್ಟನ್ನೂ ಕಲೆಯೆಂದು ತಿಳಿದು ಒರೆಸಿಹಾಕಿತು. ಅಕ್ಕನ ಮಗಳಿಗೆ ಬಹಳ ಹಿಡಿಸಿತು. ಅದನ್ನೇ ಏರಿಸಿ, ಸುತ್ತ ಲಿಂಕ್ಡ್‌ಇನ್ನಿನ ಹಸಿರು ಉಂಗುರ ಹಾಕಿದಳು. 2020ರಲ್ಲಿ ಕೋವಿಡ್ ಹೊತ್ತಿಗೆ ಬಂದದ್ದಂತೆ ಅದು; ಈಕೆಗೆ ಕೆಲಸ ಬೇಕಾಗಿದೆ ಎಂದು ಜಗತ್ತಿಗೆ ಸಾರುವ ಉಂಗುರ. ಹಾಕಿದರೆ ಗತಿಗೆಟ್ಟವಳಂತೆ ಕಾಣುತ್ತೇನೆ, ಹಾಕದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದು ಎರಡು ಪಂಗಡಗಳಿವೆ; ಇಬ್ಬರೂ ಬೇರೆಬೇರೆ ಪುರಾವೆ ಕೊಡುತ್ತಾರೆ.

ಅಮ್ಮ ಊರಿಂದ ಬಂದು ನಮ್ಮಲ್ಲಿದ್ದಳು. ಕನ್ನಡಕ ಏರಿಸಿ ಮೊಬೈಲು ಇಸಕೊಂಡಳು. ಮೊದಲು ಉಂಗುರವಿಲ್ಲದ ಫೋಟೊ, ಆಮೇಲೆ ಉಂಗುರದ್ದು. ತುಂಬ ಹೊತ್ತು ಮಾತಾಡಲಿಲ್ಲ.

‘ಎಂತದೇ ಇದು? ಒಂದರಲ್ಲಿ ಹಣೆ ಬೋಳು. ಇನ್ನೊಂದರಲ್ಲಿ ಫೋಟೊಗೆ ಹಾರ. ಒಂದರಲ್ಲಿ ನಿನ್ನ ಗಂಡ ಇಲ್ಲ, ಇನ್ನೊಂದರಲ್ಲಿ ನೀನೇ ಇಲ್ಲ. ಇದನ್ನ ನೋಡಿ ಯಾರು ಕೆಲಸ ಕೊಡ್ತಾರೆ?’

ಗಂಡ ಎಂಬ ಪ್ರಾಣಿ ಅಲ್ಲೇ ಸೋಫಾದಲ್ಲಿ ಕುಳಿತು ಪೇಪರ್ ಓದುತ್ತಿದ್ದ. ‘ನಾನಿದೀನಿ ಅತ್ತೆ,’ ಎಂದ. ಅಮ್ಮ ನಂಬಿದಂತೆ ಕಾಣಲಿಲ್ಲ. ಬೊಟ್ಟನ್ನು ಮರಳಿ ಇಡಿಸಿದ ಮೇಲೆಯೇ ಅವಳು ಊಟಕ್ಕೆದ್ದದ್ದು.

ಲಿಂಕ್ಡ್‌ಇನ್ನಿನಲ್ಲಿ ನಾನು ಬಹಳ ಹಿಂದೆಯೇ ಇದ್ದೆ, ಆದರೆ ವಾಸವಿರಲಿಲ್ಲ. 2003ರ ಮೇ ತಿಂಗಳಲ್ಲಿ ಶುರುವಾಗಿ, 2016ರಲ್ಲಿ 2,620 ಕೋಟಿ ಡಾಲರಿಗೆ ಮೈಕ್ರೋಸಾಫ್ಟ್ ಕೊಂಡ ಸ್ಥಳ ಅದು. ಅಲ್ಲಿ ಎಲ್ಲರೂ ಕೃತಜ್ಞರು. ಬಡ್ತಿ ಸಿಕ್ಕವರೂ ಕೃತಜ್ಞರು, ಹೊರಹಾಕಿಸಿಕೊಂಡವರೂ ಕೃತಜ್ಞರು. ಕುತ್ತಿಗೆ ಹಿಡಿದು ದಬ್ಬಿದ ಕೈಯಿಂದ ಏನು ಕಲಿತೆವೆಂದು ಸಾಲಿಗೊಂದು ಪ್ಯಾರಾ ಮಾಡಿ ಬರೆಯುತ್ತಾರೆ. ಮಗ ಸೈಕಲ್ಲಿನಿಂದ ಬಿದ್ದರೂ ಅದರಿಂದ ನಾಯಕತ್ವದ ಪಾಠ. ಅಕ್ಕನ ಮಗಳು ನನಗೂ ವಾರಕ್ಕೆರಡು ಬರೆಯಲು ಹೇಳಿದಳು. ಇಷ್ಟು ವರ್ಷ ಗುಂಡಿ ಒತ್ತುವ ಬಗ್ಗೆ ಬರೆದವಳಿಗೆ ಕೃತಜ್ಞತೆ ಸುಲಭವಾಗಿ ಬರಲಿಲ್ಲ. ಬರೆದದ್ದಕ್ಕೆ ಮೊದಲು ಬಂದ ಪ್ರತಿಕ್ರಿಯೆ ಭಾವನದು. ಬ್ಯಾಂಕಿನಿಂದ ನಿವೃತ್ತರಾದ ಭಾವ ಲಿಂಕ್ಡ್‌ಇನ್ನನ್ನೂ ವಾಟ್ಸಾಪನ್ನೂ ಬೇರೆಬೇರೆಯೆಂದು ಬಗೆದವರಲ್ಲ. ಏಪಿಐ ದಾಖಲೀಕರಣದ ಸವಾಲುಗಳು ಎಂಬ ನನ್ನ ಗಂಭೀರ ಬರಹದ ಕೆಳಗೆ ಇಬ್ಬನಿಯಿಟ್ಟ ಗುಲಾಬಿ, ‘ಶುಭೋದಯ. ಮಾವಿನಕಾಯಿ ಕಳಿಸಿದ್ದು ಮುಟ್ಟಿತೇ?’

ಅಲ್ಲಿ ಕೌಶಲಗಳನ್ನು ಅನುಮೋದಿಸುವ ಗುಂಡಿಯೊಂದು 2012ರಿಂದ ಇದೆ. ನನ್ನ ಕೌಶಲಗಳನ್ನು ಅನುಮೋದಿಸಿದವರ ಪಟ್ಟಿ ತೆಗೆದು ನೋಡಿದೆ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಇದ್ದಾರೆ. ನೀರಿನ ಟ್ಯಾಂಕರಿನ ಬಗ್ಗೆ ನಾನು ಬರೆದ ದೂರು ಅವರಿಗೆ ನಾಟಿರಬೇಕು. ಮಗಳ ಡ್ಯಾನ್ಸ್ ಕ್ಲಾಸಿನ ಇನ್ನೊಬ್ಬ ತಾಯಿ ಇದ್ದಾರೆ. ಜೊತೆಗೆ ಕೆಲಸ ಮಾಡಿದವರಲ್ಲಿ ಒಬ್ಬಾತ ನನ್ನ ‘ಜಾವಾ’ವನ್ನು ಅನುಮೋದಿಸಿದ್ದ. ನನಗೆ ಜಾವಾ ಬರುವುದಿಲ್ಲ. ಅವನಿಗೂ ಬರುವುದಿಲ್ಲ, ಅದಕ್ಕೇ ಧೈರ್ಯವಾಗಿ ಹೇಳಿದ್ದ.

ನೌಕ್ರಿ ಡಾಟ್ ಕಾಂನ ಶಾಸ್ತ್ರ ಬೇರೆ. ಅದು 1997ರಿಂದ ಇರುವಂಥದ್ದು, ಅದರ ಸುತ್ತ ನಂಬಿಕೆಗಳೂ ಬೇಕಾದಷ್ಟು ಬೆಳೆದಿವೆ. ದಿನಾ ಬೆಳಿಗ್ಗೆ ಕಂಪನಿಗಳವರು ಕಣ್ಣು ಬಿಡುವ ಮೊದಲು ರೆಸ್ಯೂಮೆಯಲ್ಲಿ ಏನಾದರೂ ಬದಲಾಯಿಸಿ ಉಳಿಸಿದರೆ ಹೆಸರು ಮೇಲಕ್ಕೆ ಬರುತ್ತದಂತೆ. ದಿನಾ ಬದಲಾಗುವಂಥದ್ದು ನನ್ನ ಬದುಕಿನಲ್ಲಿ ಏನಿದೆ? ಒಂದು ದಿನ ಕೊನೆಯ ಸಾಲಿಗೆ ಪೂರ್ಣವಿರಾಮ ಇಟ್ಟೆ, ಮರುದಿನ ತೆಗೆದೆ. ಅಮ್ಮ ಹೊಸಿಲಿಗೆ ರಂಗೋಲಿ ಎಳೆದು ಒಳಗೆ ಬರುವ ಹೊತ್ತಿಗೆ ನನ್ನ ಪೂರ್ಣವಿರಾಮವೂ ಮುಗಿದಿರುತ್ತಿತ್ತು. ಪದವಿ ಪಡೆದ ವರ್ಷ ತೆಗೆದುಬಿಡು ಎಂದಳು ಅಕ್ಕನ ಮಗಳು, ಅದರಿಂದ ವಯಸ್ಸು ಲೆಕ್ಕ ಹಾಕುತ್ತಾರೆ. ತೆಗೆದೆ. ಮೊದಲ ಎರಡು ಕೆಲಸವೂ ಬೇಡ, ಹಳತಾಯಿತು. ತೆಗೆದೆ. ನಾನು ಕಾಲೇಜಿಗೆ ಇಂಥ ಇಸವಿಯೆಂದಿಲ್ಲದೆ ಹೋಗಿ, ಹುಟ್ಟಿದಾಗಿನಿಂದ ಸೀನಿಯರ್ ಟೆಕ್ನಿಕಲ್ ರೈಟರೇ ಆಗಿದ್ದೆ.

ಇಲ್ಲಿಯವರೆಗಿನದು ಕಟ್ಟುವ ಕೆಲಸ. ಕೆಡಹುವುದು ಇನ್ನೂ ಬಾಕಿಯಿತ್ತು.

ಅಕ್ಕನ ಮಗಳು ಒಂದು ಸಂಜೆ ಅಪರಾಧಗಳ ಪಟ್ಟಿ ತಂದಳು. ಎಲ್ಲಿ ಅಗೆದು ತೆಗೆದಳೋ. ವಿದ್ಯುತ್ ಕಂಪನಿಗೆ ಕತ್ತಲಲ್ಲಿ ಕೂತು ಬರೆದ ಟ್ವೀಟುಗಳು. ಮಿಕ್ಸಿಯ ಬಗ್ಗೆ ಗ್ರಾಹಕ ದೂರು. ಎಲ್ಲಕ್ಕಿಂತ ಕೆಟ್ಟದ್ದೆಂದು ಅವಳು ಕೆಂಪು ಗುರುತು ಹಾಕಿದ್ದು ಅಡುಗೆಯ ವಿಡಿಯೊ ಒಂದರ ಕೆಳಗಿನದು. ಯಾರೋ ಪುಣ್ಯಾತ್ಮರು ಅಪ್ಪೆಹುಳಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಿದ್ದರು. ನಾನು ಬರೆದಿದ್ದೆ: ‘ಬೆಳ್ಳುಳ್ಳಿಯೇ ಬೇಕೆಂದಿದ್ದರೆ ಮಾವಿನಕಾಯಿಗೆ ಯಾಕೆ ತೊಂದರೆ ಕೊಟ್ಟಿರಿ? ಬಿಸಿನೀರಿಗೇ ಹಾಕಿ ಕುಡಿಯಬಹುದಿತ್ತು.’ ಅದಕ್ಕೆ ಅವರ ಉತ್ತರ, ಅದಕ್ಕೆ ನನ್ನದು. ಹಾಗೇ ಮುಂದುವರಿದು ಅವರ ಊರು, ನನ್ನ ಊರು, ಎರಡೂ ಊರಿನ ಹಿರಿಯರು ಬಂದುಹೋಗಿದ್ದರು.

‘ಚಿಕ್ಕಿ, ಇದನ್ನ ನೋಡಿದ್ರೆ ಟೀಮಲ್ಲಿ ಹೊಂದಿಕೊಳ್ಳೋರಲ್ಲ ಅಂತ ಬರೀತಾರೆ.’

‘ಅಪ್ಪೆಹುಳಿಗೆ ಬೆಳ್ಳುಳ್ಳಿ ಹಾಕುವವರ ಟೀಮಿನಲ್ಲಿ ನಾನು ಹೊಂದಿಕೊಳ್ಳೋದೂ ಇಲ್ಲ.’ ಇಂಗು, ಒಣಮೆಣಸು, ಸಾಸಿವೆ. ಈ ವಿಷಯದಲ್ಲಿ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

‘ಕನ್ನಡದಲ್ಲಿದೆಯಲ್ಲೇ, ಅವರಿಗೆ ಎಲ್ಲಿ ತಿಳೀತದೆ?’ ಎಂದೂ ಹೇಳಿ ನೋಡಿದೆ. ಗೂಗಲ್ಲಿನ ಅನುವಾದ ಯಂತ್ರಕ್ಕೆ 2011ರಲ್ಲೇ ಕನ್ನಡ ಬಂದಿದೆ ಎಂದಳು. ಒತ್ತಿಯೂ ತೋರಿಸಿದಳು. ತಮಾಷೆಯೆಲ್ಲ ಸೋರಿಹೋಗಿ ಬೈಗುಳ ಮಾತ್ರ ಶುದ್ಧ ಇಂಗ್ಲಿಷಿನಲ್ಲಿ ನಿಂತಿತ್ತು. ಈ ದೃಷ್ಟಿಯಿಂದ ನೋಡಿದರೆ ಅದಕ್ಕಿಂತ ಹಿಂದಿನ ಕಾಲವೇ ಸುರಕ್ಷಿತ. ಆಗ ನಾವು ‘ನುಡಿ’ ತಂತ್ರಾಂಶದಲ್ಲೋ ‘ಬರಹ’ದಲ್ಲೋ ಆಯಾ ಫಾಂಟ್ ಹಾಕಿಕೊಂಡು ಬರೆಯುತ್ತಿದ್ದೆವು. ಅವುಗಳಲ್ಲಿ ಬರೆದ ನನ್ನ ಪ್ರೇಮಕವಿತೆಗಳು ಎಲ್ಲೋ ಒಂದು ಕಡೆ ಇನ್ನೂ ಇವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕೆ, ಬಾಲ, ಕೊಂಬು ಹೊತ್ತ ರೋಮನ್ ಅಕ್ಷರಗಳ ಸಂತೆ. ಯಾವ ರಿಕ್ರೂಟರೂ ಓದಲಾರ. ಕವಿತೆಗಳ ಗುಣಮಟ್ಟ ನೋಡಿದರೆ ಇದು ಇಬ್ಬರಿಗೂ ಒಳ್ಳೆಯದು.

ಬಂಧುಗಳ ಫೋಟೊ ಮಾತ್ರ ಬಗೆಹರಿಯಲಿಲ್ಲ. ಶಿರಸಿಯಲ್ಲಿ ದೊಡ್ಡಪ್ಪನ ಮಗನ ಮದುವೆ. ಪಂಕ್ತಿಯಲ್ಲಿ ಕುಳಿತು ಹೋಳಿಗೆಯ ದೊಡ್ಡ ತುಂಡು ಬಾಯಿಗಿಡುವ ಆ ಒಂದು ಕ್ಷಣಕ್ಕಾಗಿಯೇ ಕಾಯುವ ಫೋಟೊಗ್ರಾಫರುಗಳು ಇರುತ್ತಾರಲ್ಲ, ಅಂಥವನೊಬ್ಬ ತೆಗೆದದ್ದು. ಮೊಣಕೈಗೆ ತುಪ್ಪ ಇಳಿಯುತ್ತಿದೆ. ನಾನು ಟ್ಯಾಗ್ ಆಗಿದ್ದೆ. ಫೋಟೊ ಅವರದು, ಅಳಿಸುವಂತಿಲ್ಲ, ಟ್ಯಾಗ್ ತೆಗೆದೆ. ಎರಡು ದಿನದಲ್ಲಿ ಅತ್ತಿಗೆಯ ಫೋನು. ‘ನಮ್ಮನೆ ಮದುವೆ ನಿನಗೆ ನಾಚಿಕೆಯಾ?’ ಲಿಂಕ್ಡ್‌ಇನ್, ರಿಕ್ರೂಟರು, ಡಿಜಿಟಲ್ ಹೆಜ್ಜೆಗುರುತು ಎಂದೆಲ್ಲ ವಿವರಿಸಿದೆ. ‘ಕೆಲಸ ಕೊಡೋರು ಊಟ ಮಾಡೋದಿಲ್ಲವಾ?’ ಎಂದು ಕೇಳಿದರು. ಈ ಪ್ರಶ್ನೆಗೆ ಅಕ್ಕನ ಮಗಳ ಹತ್ತಿರವೂ ಉತ್ತರವಿರಲಿಲ್ಲ. ಟ್ಯಾಗ್ ಮತ್ತೆ ಹಾಕಿಸಿಕೊಂಡೆ.

ಉಳಿದದ್ದನ್ನು ನಾನೇ ಕುಳಿತು ಅಳಿಸಿದೆ. ಫೇಸ್‌ಬುಕ್ಕಿನಲ್ಲಿ ಹಳೆಯವನ್ನು ರಾಶಿಯಾಗಿ ಆರಿಸಿ ಕಸದ ಬುಟ್ಟಿಗೆ ಹಾಕುವ ಸೌಕರ್ಯವಿದೆ. ಹಾಕಿದ್ದು ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಹೋಗುತ್ತದೆ. ಮನಸ್ಸು ಬದಲಾಗಲಿಕ್ಕೆ ಅಷ್ಟು ದಿನ ಯಾಕೆ ಬೇಕು ಎಂದುಕೊಂಡಿದ್ದೆ. ಅಳಿಸುವ ಮುಂಚೆ ಓದುವ ಚಟ ಶುರುವಾಯಿತು. ಓದಲು ತೊಡಗಿದ ಮೇಲೆ ಅಳಿಸುವುದು ನಿಂತಿತು.

2010ರ ಜುಲೈಯ ಒಂದು ರಾತ್ರಿ, ಒಂದು ಗಂಟೆ ದಾಟಿದ ಮೇಲೆ ನಾನು ಬರೆದಿದ್ದೆ: ‘ಹೊರಗೆ ಮಳೆ. ಯಾರಾದರೂ ಎದ್ದಿದ್ದೀರಾ?’ ಅಷ್ಟೇ. ಕೆಳಗೆ ಉತ್ತರಗಳು. ನ್ಯೂಜೆರ್ಸಿಯಿಂದ ಒಬ್ಬರು, ‘ಇಲ್ಲಿ ಮಧ್ಯಾಹ್ನ, ಇಲ್ಲೂ ಮಳೆ.’ ಉತ್ತರಪತ್ರಿಕೆ ತಿದ್ದುತ್ತಿದ್ದ ಲೆಕ್ಚರರ್ ಒಬ್ಬರು, ‘ಎದ್ದಿದ್ದೇನೆ, ಈ ಹುಡುಗರು ಮಲಗಲು ಬಿಡುವುದಿಲ್ಲ.’ ಹಲ್ಲು ಬರುತ್ತಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡ ಯಾರೋ ಒಬ್ಬಳು, ಒಂದೇ ಕೈಯಲ್ಲಿ ಟೈಪ್ ಮಾಡಿದ ತಪ್ಪುತಪ್ಪು ಅಕ್ಷರಗಳಲ್ಲಿ. ಇವರಲ್ಲಿ ಅರ್ಧ ಜನ ಯಾರೆಂದು ಆಗಲೂ ನನಗೆ ಗೊತ್ತಿರಲಿಲ್ಲ. ಸುಮಾರು ಮೂರರವರೆಗೆ ಮಾತಾಡಿದ್ದೇವೆ, ಏನೂ ವಿಷಯವಿಲ್ಲದೆ. ಯಾರೂ ಯಾವುದರಿಂದಲೂ ಏನನ್ನೂ ಕಲಿತಿಲ್ಲ.

ಅಕ್ಕನ ಮಗಳಿಗೆ ತೋರಿಸಿದೆ. ಅವಳು ರಿಕ್ರೂಟರಿನ ಕಣ್ಣಿಂದಲೇ ನೋಡಿದಳು. ‘ನಡುರಾತ್ರಿ, ವರ್ಕಿಂಗ್ ಡೇ. ತೆಗೆದುಬಿಡು.’ ನನ್ನ ಮುಖದಲ್ಲೇನು ಕಂಡಿತೋ, ‘ಇಲ್ಲಾಂದ್ರೆ ಓನ್ಲಿ ಮೀ ಮಾಡಿಟ್ಕೋ’ ಎಂದಳು. ಹಾಗೇ ಮಾಡಿದೆ. ಯಾರಾದರೂ ಎದ್ದಿದ್ದೀರಾ ಎಂಬುದನ್ನು ಈಗ ನಾನೊಬ್ಬಳೇ ನೋಡಬಹುದು.

ಅಳಿಸಬೇಕಾದ ಬೆಳ್ಳುಳ್ಳಿ ಜಗಳ ಹೀಗೆ ಉಳಿದುಕೊಂಡಿತ್ತು. ಉಳಿಯಬೇಕಾಗಿದ್ದ ಒಂದು ಎಲ್ಲಿಯೂ ಇರಲಿಲ್ಲ. ನನ್ನ ಬಗ್ಗೆ ನನ್ನನ್ನು ನಿಜವಾಗಿ ಬಲ್ಲವರು ಬರೆದ ಏಕೈಕ ಶಿಫಾರಸು ಇದ್ದದ್ದು ಆರ್ಕುಟ್‌ನಲ್ಲಿ. ಓರ್ಕುಟ್ ಬುಯುಕ್ಕೋಕ್ಟೆನ್ ಎಂಬ ಗೂಗಲ್ ಎಂಜಿನಿಯರ್ 2004ರ ಜನವರಿಯಲ್ಲಿ ತನ್ನ ಹೆಸರನ್ನೇ ಇಟ್ಟು ಶುರುಮಾಡಿದ್ದು. ಎಲ್ಲರನ್ನೂ ಬಿಟ್ಟು ಬ್ರೆಜಿಲ್ಲಿನವರೂ ನಾವೂ ಅದಕ್ಕೆ ಮುಗಿಬಿದ್ದೆವು. ಅಲ್ಲಿ ಟೆಸ್ಟಿಮೋನಿಯಲ್ ಎಂದು ಒಂದಿತ್ತು, ಗೆಳೆಯರು ನಮ್ಮ ಬಗ್ಗೆ ಬರೆದು ಕಳಿಸುವುದು, ನಾವು ಒಪ್ಪಿದರೆ ಎಲ್ಲರಿಗೂ ಕಾಣುವುದು. ಧಾರವಾಡದಲ್ಲಿ ಎಂ.ಎ. ಮಾಡುವಾಗ ಹಾಸ್ಟೆಲಿನ ಕೋಣೆಯಲ್ಲಿ ನನ್ನ ಜೊತೆಗಿದ್ದವಳು ಗದಗಿನ ಕಡೆಯವಳು. ಅವಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ ಕಳಿಸಿದ್ದಳು: ‘ಇಕಿ ನನ್ನ ಶೇಂಗಾ ಹಿಂಡಿ ಕದ್ದು ತಿಂತಾಳ. ಕೇಳಿದ್ರ ಇಲಿ ತಿಂದಾವು ಅಂತಾಳ. ಪರೀಕ್ಷಾದ ಹಿಂದಿನ ರಾತ್ರಿ ತನ್ನ ನೋಟ್ಸ್ ಎಲ್ಲಾರಿಗೂ ಹಂಚಿ ತಾ ಮಕ್ಕೋತಾಳ. ಇಕಿನ್ನ ನಂಬಬ್ಯಾಡ್ರಿ, ಬಿಡಲೂಬ್ಯಾಡ್ರಿ.’ ಲಿಂಕ್ಡ್‌ಇನ್ನಿನಲ್ಲಿ ನನ್ನ ಹಳೆಯ ಮ್ಯಾನೇಜರ್ ಬರೆದ ಶಿಫಾರಸಿದೆ, ನಾನು ಫಲಿತಾಂಶ ಕೇಂದ್ರಿತ ವ್ಯಕ್ತಿಯೆಂದು. ಆ ಮನುಷ್ಯ ನನ್ನ ಹಿಂಡಿ ಕದಿಯುವ ಕೈಯನ್ನು ಕಂಡವನಲ್ಲ.

ಟೆಸ್ಟಿಮೋನಿಯಲ್ಲಿಗೆ ಇನ್ನೊಂದು ಉಪಯೋಗವಿತ್ತು, ಆ ಕಾಲದವರಿಗೆ ನೆನಪಿರಬಹುದು. ಆರ್ಕುಟ್‌ನಲ್ಲಿ ಬರೆದದ್ದೆಲ್ಲ ಊರಿಗೇ ಕಾಣುತ್ತಿದ್ದ ದಿನಗಳಲ್ಲಿ ಗುಟ್ಟಿನ ಮಾತನ್ನು ಟೆಸ್ಟಿಮೋನಿಯಲ್ಲಾಗಿ ಕಳಿಸುತ್ತಿದ್ದೆವು, ‘ಒಪ್ಪಬೇಡ, ಓದಿ ತಿರಸ್ಕರಿಸು’ ಎಂದು ಮೊದಲ ಸಾಲಿನಲ್ಲೇ ಬರೆದು. ಅವಳ ಕೊನೆಯದು ಹಾಗೆ ಬಂದದ್ದು. ಮದುವೆ ಗೊತ್ತಾಗಿದೆ, ನಂಬರು ಬದಲಾಗಿದೆ, ಇದು ಹೊಸದು. ನಾನು ಓದಿ, ಬರೆದುಕೊಂಡು, ತಿರಸ್ಕರಿಸಿದೆ. ಆ ನಂಬರಿಗೆ ಕೆಲವು ವರ್ಷ ಅವಳು ಸಿಕ್ಕಳು. ಆಮೇಲೆ ಬೇರೆ ಯಾರೋ ಎತ್ತಿ ‘ಆಟೊ ಸ್ಪೇರ್ಸ್ ರೀ, ಯಾವ ಪಾರ್ಟ್ ಬೇಕ್ರಿ?’ ಎಂದರು. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು. ಬೇಕಾದವರು ತಮ್ಮದನ್ನು ಇಳಿಸಿಕೊಳ್ಳಲು 2016ರ ಸೆಪ್ಟೆಂಬರ್‌ವರೆಗೆ ಸಮಯವಿತ್ತು. ಅಷ್ಟರಲ್ಲಿ ನಾವೆಲ್ಲ ಫೇಸ್‌ಬುಕ್ಕಿಗೆ ಸಾಮಾನು ಸಾಗಿಸಿ, ಅಲ್ಲಿ ಮಳೆಯ ಬಗ್ಗೆ ಬರೆಯುವುದನ್ನೂ ನಿಲ್ಲಿಸಿದ್ದೆವು.

ಕೆಲಸ ಸಿಕ್ಕಿತು, ಆರು ತಿಂಗಳ ಗುತ್ತಿಗೆಯದು. ಸಿಕ್ಕಿದ್ದು ಉದ್ದನೆಯ ಹೆಸರಿನಿಂದಲ್ಲ, ಬ್ಲೇಜರಿನಿಂದಲ್ಲ, ಪೂರ್ಣವಿರಾಮದಿಂದಲೂ ಅಲ್ಲ. ಬಹಳ ಹಿಂದೆ ಜೊತೆಗಿದ್ದ ಒಬ್ಬರು ಫೋನ್ ಮಾಡಿ ‘ಫ್ರೀ ಇದೀರಾ?’ ಎಂದರು, ಇದ್ದೆ. ಕೆಲಸ ಯಂತ್ರ ಬರೆದದ್ದನ್ನು ತಿದ್ದುವುದು. ಕಂಪನಿಯವರು ನನ್ನ ಪೂರ್ವಾಪರ ಪರಿಶೀಲಿಸಲು ಇನ್ನೊಂದು ಏಜೆನ್ಸಿಗೆ ವಹಿಸಿದರು. ಈಗ ಚೆಕ್ಕು ಬರುತ್ತದೆ, ಅಪ್ಪೆಹುಳಿ ಬರುತ್ತದೆ ಎಂದು ಕಾದೆ. ಸ್ಕೂಟರಿನಲ್ಲಿ ಒಬ್ಬ ಹುಡುಗ ಬಂದ. ಗೇಟಿನ ಫೋಟೊ ತೆಗೆದ, ಮನೆ ನಂಬರಿನ ಫೋಟೊ ತೆಗೆದ. ವಾಚ್‌ಮನ್ನನ್ನು ಕರೆದು ‘ಈ ಮೇಡಂ ಇಲ್ಲೇ ಇರೋದಾ? ಹೆಂಗೆ?’ ಎಂದು ಕೇಳಿದ. ವಾಚ್‌ಮನ್ ಒಂದು ಕ್ಷಣ ಯೋಚಿಸಿ ‘ಪರವಾಗಿಲ್ಲ ಸಾರ್’ ಎಂದ. ಹುಡುಗ ಟಿಕ್ ಹಾಕಿಕೊಂಡು ಹೋದ. ಆ ದೀಪಾವಳಿಗೆ ವಾಚ್‌ಮನ್ನನಿಗೆ ಎರಡು ಡಬ್ಬಿ ಸಿಹಿ ಕೊಟ್ಟೆ. ಯಾಕೆಂದು ಅವನಿಗೆ ತಿಳಿದಿರಲಾರದು.

ಹುಡುಕುವ ವಿದ್ಯೆ ಇಷ್ಟು ಕಲಿತಾಗಿತ್ತಲ್ಲ, ಗದಗಿನವಳನ್ನು ಹುಡುಕಲು ಕೂತೆ. ಹಾಸ್ಟೆಲಿನ ಹೆಸರಿನಲ್ಲಿ ಅವಳಿಲ್ಲ. ಮದುವೆಯ ನಂತರ ಯಾವ ಹೆಸರಾಯಿತೋ. ಅವಳ ಮೊದಲ ಹೆಸರಿನವರು ಸಾವಿರಾರು. ನಮ್ಮ ವಯಸ್ಸಿನವರು ಯಾರೂ ಸ್ವಂತ ಮುಖ ಹಾಕುವುದಿಲ್ಲ. ಮಕ್ಕಳು, ದೇವರು, ಸೂರ್ಯಕಾಂತಿ ಹೂವು. ಅವಳು ಸೂರ್ಯಕಾಂತಿಯ ಸೀಮೆಯವಳೇ ಆದ್ದರಿಂದ ಹೂವಿನವರಿಗೆಲ್ಲ ರಿಕ್ವೆಸ್ಟ್ ಕಳಿಸಿದೆ. ‘ಯಾರದು, ರೆಫರೆನ್ಸಾ?’ ಎಂದು ಅಕ್ಕನ ಮಗಳು ಇಣುಕಿ ಕೇಳಿದಳು. ಹೌದೆಂದೆ.

ಒಂದು ಹೂವು ಒಪ್ಪಿಕೊಂಡಿತು. ಒಪ್ಪಿದ ನಿಮಿಷದಲ್ಲೇ ಸಂದೇಶ. ಹಲೋ ಮ್ಯಾಮ್, ಮನೆಯಿಂದಲೇ ಕೆಲಸ, ದಿನಕ್ಕೆ ಮೂರು ಸಾವಿರ, ನೋಂದಣಿ ಶುಲ್ಕ 1,499 ರೂಪಾಯಿ ಮಾತ್ರ. ಅಕ್ಕನ ಮಗಳು ಹಿಂದಿನಿಂದ ‘ಬ್ಲಾಕ್ ಮಾಡು, ಬ್ಲಾಕ್ ಮಾಡು’ ಎನ್ನುತ್ತಿದ್ದಳು. ಮಾಡುವ ಮುಂಚೆ ಒಂದು ಮಾತು ಕೇಳಿಬಿಡೋಣವೆನ್ನಿಸಿ ಟೈಪ್ ಮಾಡಿದೆ: ‘ನೀವು ಧಾರವಾಡದಲ್ಲಿ ಓದಿದವರಾ? ಅಥವಾ ನಿಮ್ಮ ಅಕ್ಕ ಯಾರಾದರೂ?’

ಮೂರು ಚುಕ್ಕೆಗಳು ಸ್ವಲ್ಪ ಹೊತ್ತು ಕುಣಿದವು.

‘ಇಲ್ಲ ಮ್ಯಾಮ್. ಇವತ್ತು ಸಂಜೆ ಆರಕ್ಕೆ ಕೊನೆ.’